ಚಟ ಹಿಡಿಸುವ ಗುಳಿಗೆ ಯಾವುದು?

ರಾತ್ರಿ ಎಂಟೂವರೆ ಹೊತ್ತಿಗೆ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಯಾವ ಮೆಡಿಕಲ್ ಶಾಪಿನ ಮುಂದೆ ನಿಂತರೂ ಇಂಥದ್ದೊಂದು ವ್ಯಾಪಾರ ಕಣ್ಣಿಗೆ ಬೀಳುತ್ತದೆ. ರಿಟೈರ್ ಆದ ಯಜಮಾನರೊಬ್ಬರು ಜೇಬಿನಿಂದ ಬೆರಳುದ್ದದ ಸ್ಟ್ರಿಪ್ ಚೂರು ತೆಗೆದು ಗಾಜಿನ ಮೇಲಿಡುತ್ತಾರೆ. ಗುಳಿಗೆ ಮುಗಿದ ಖಾಲಿ ಚೂರು. "ಇದೇ, ಇನ್ನೊಂದು ಹತ್ತು ಕೊಡಪ್ಪಾ." ಅಂಗಡಿಯ ಹುಡುಗ ಹೆಸರು ಓದುವುದಿಲ್ಲ, ಬಣ್ಣ ನೋಡಿದರೇ ಸಾಕು. ಸ್ಟ್ರಿಪ್ಪಿನ ಬೆನ್ನಿಗೆ ಕೆಂಪು ಚೌಕದೊಳಗೆ ಎಚ್ಚರಿಕೆ ಅಚ್ಚಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಅದರ ಅರ್ಥ. ಕತ್ತರಿ ಹೆಚ್ಚಾಗಿ ಆ ಚೌಕದ ನಟ್ಟನಡುವೆಯೇ ಓಡುತ್ತದೆ.

ಪಕ್ಕದಲ್ಲಿ ಒಬ್ಬ ತಾಯಿ. ಕೈಯಲ್ಲಿ ಮಗನಿಗೆ ಜಿಲ್ಲಾಸ್ಪತ್ರೆಯಲ್ಲಿ ಬರೆದುಕೊಟ್ಟ ಚೀಟಿ. ಆಕೆ ದನಿ ತಗ್ಗಿಸಿ ಕೇಳುತ್ತಾರೆ: "ಅಣ್ಣಾ, ಇದು ತಲೆಗೆ ಕೊಡೋ ಗುಳಿಗೆ ಅಲ್ವಾ? ಅಭ್ಯಾಸ ಆಗ್ಬಿಡಲ್ವಾ?" ಅಂಗಡಿಯವನಿಗೆ ಎಲ್ಲ ಗೊತ್ತು. "ಆಗುತ್ತಮ್ಮಾ, ಸ್ವಲ್ಪ ಹುಷಾರು. ಜಾಸ್ತಿ ದಿನ ನುಂಗಿಸಬೇಡಿ." ಚೀಟಿಯಲ್ಲಿ ಮೂವತ್ತು ದಿನ ಎಂದಿದ್ದರೂ ಆಕೆ ಹದಿನೈದು ದಿನದ್ದನ್ನೇ ಕೊಳ್ಳುತ್ತಾರೆ. ಮುಂದಿನ ಹದಿನೈದಕ್ಕೆ ಬರುತ್ತಾರೆ ಎನ್ನುವ ನಂಬಿಕೆ ಇಲ್ಲ.

ಯಜಮಾನರು ಒಯ್ದದ್ದು ಅಲ್ಪ್ರಜೋಲಮ್, ಊರ ಬಾಯಲ್ಲಿ ಬರೀ 'ನಿದ್ದೆ ಮಾತ್ರೆ'. ತಾಯಿಯ ಚೀಟಿಯಲ್ಲಿದ್ದದ್ದು ಖಿನ್ನತೆಗೆ ಕೊಡುವ ಎಸಿಟಲೊಪ್ರಾಮ್. ಅವಲಂಬನೆಯ ಮಾತಿಗೆ ಬಂದರೆ ಇವೆರಡರಲ್ಲಿ ಹೆಚ್ಚು ಹೆದರಬೇಕಾದದ್ದು ಮೊದಲನೆಯದಕ್ಕೆ. ಅದರ ಮೇಲೆ ಯಾರಿಗೂ ಅನುಮಾನವಿಲ್ಲ. ಅನುಮಾನವೆಲ್ಲ ಎರಡನೆಯದರ ತಲೆಗೆ.

ಔಷಧ ಕಂಪನಿಗಳನ್ನು ನಂಬುವುದು ಕಷ್ಟ ಎನ್ನುವವರನ್ನು ಬೈಯುವುದಕ್ಕೆ ಈ ಲೇಖನ ಬರೆದದ್ದಲ್ಲ. ಹಾಗೆ ಅನ್ನಿಸುವಂತೆ ನಡೆದುಕೊಂಡವರು ಕಂಪನಿಗಳೇ. ಆದರೆ ನಮ್ಮಲ್ಲಿ ಆ ಅಪನಂಬಿಕೆ ಗುರಿ ತಪ್ಪಿದೆ.

ರಾಯಚೂರಿನ ಸೇಂದಿ, ಬರ್ಲಿನ್ನಿನ ಪುಡಿ

ರಾಯಚೂರು ಕಡೆಯ ಪತ್ರಿಕೆ ಓದುವವರಿಗೆ 'ಸಿ.ಎಚ್. ಪೌಡರ್' ಹೊಸ ಮಾತಲ್ಲ. ಕಲಬೆರಕೆ ಸೇಂದಿಗೆ ಹಾಕುವ ಪುಡಿ ಅದು. ದಾಳಿ ನಡೆದಾಗಲೆಲ್ಲ ಚೀಲಗಟ್ಟಲೆ ಸಿಕ್ಕಿತು ಎಂಬ ಸುದ್ದಿ ಬರುತ್ತದೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. ಒಂದು ಕಾಲಕ್ಕೆ ಇದು ಯುರೋಪಿನ ದೊಡ್ಡಮನೆಗಳ ಹಾಸಿಗೆ ಪಕ್ಕದ ಔಷಧವಾಗಿತ್ತು. 1832ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ ಇದನ್ನು ತಯಾರಿಸಿದ. ಇದರಿಂದ ನಿದ್ದೆ ಬರುತ್ತದೆಂದು 1869ರಲ್ಲಿ ಬರ್ಲಿನ್ನಿನ ಆಸ್ಕರ್ ಲೀಬ್ರೈಕ್ ತೋರಿಸಿದ. ಪ್ರಯೋಗಾಲಯದಲ್ಲಿ ಹುಟ್ಟಿದ ಮೊದಲ ನಿದ್ದೆ ಔಷಧ ಇದೇ. ಅಫೀಮಿನ ಹಾಗೆ ಇದು ಚಟ ಹಿಡಿಸುವುದಿಲ್ಲ ಎಂದು ಜನ ಮುಗಿಬಿದ್ದರು. ಕೆಲವೇ ವರ್ಷಗಳಲ್ಲಿ ಅದಿಲ್ಲದೆ ಕಣ್ಣು ಮುಚ್ಚಲಾರದವರ ಸಾಲು ಬೆಳೆಯಿತು.

'ಹಿಂದಿನದಕ್ಕಿಂತ ಇದು ಸುರಕ್ಷಿತ.' ನಿದ್ದೆ ಮತ್ತು ಆತಂಕದ ಔಷಧಗಳ ಚರಿತ್ರೆಯಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. 1903ರಲ್ಲಿ ಬಾರ್ಬಿಟಾಲ್ ಬಂತು, ಅದರ ಹಿಂದೆ ಬಾರ್ಬಿಚುರೇಟ್‌ಗಳ ದಂಡೇ ಬಂತು. ಎರಡು ಹೆಚ್ಚು ನುಂಗಿದರೆ ಉಸಿರೇ ನಿಲ್ಲಿಸಬಲ್ಲ ಗುಳಿಗೆಗಳು ಅವು. 1955ರಲ್ಲಿ ಅಮೆರಿಕದಲ್ಲಿ ಮಿಲ್‌ಟೌನ್ ಬಂದಾಗ ಸಿನಿಮಾದವರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ಅದಕ್ಕೆ ಸಾಲುಗಟ್ಟಿದರು.

ಆಮೇಲೆ ಬಂದವನು ಲಿಯೊ ಸ್ಟರ್ನ್‌ಬಾಖ್. ಹಿಟ್ಲರನ ಯುರೋಪಿನಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಯಹೂದಿ ರಸಾಯನಶಾಸ್ತ್ರಜ್ಞ. ನ್ಯೂಜೆರ್ಸಿಯ ನಟ್ಲಿಯಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ಕೆಲಸ. ಉಪಯೋಗವಿಲ್ಲವೆಂದು ಮೂಲೆಗಿಟ್ಟಿದ್ದ ಒಂದು ಸಂಯುಕ್ತ 1957ರಲ್ಲಿ ಮೇಜು ಚೊಕ್ಕ ಮಾಡುವಾಗ ಮತ್ತೆ ಕೈಗೆ ಸಿಕ್ಕಿತು. ಎಸೆಯುವ ಮೊದಲು ಒಂದು ಸಲ ಪರೀಕ್ಷೆಗೆ ಕಳಿಸಿ ನೋಡಿದರು. 1960ರಲ್ಲಿ ಲಿಬ್ರಿಯಮ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂದದ್ದು ಅದೇ. ಅದರ ತಮ್ಮ, ಡಯಾಜೆಪಮ್, ವೇಲಿಯಮ್ ಎಂಬ ಹೆಸರು ಹೊತ್ತು 1963ರಲ್ಲಿ ಬಂತು. ಈ ಕುಲದ ಹೆಸರು ಬೆಂಜೊಡಯಜೆಪಿನ್. ಅಲ್ಪ್ರಜೋಲಮ್, ಕ್ಲೋನಾಜೆಪಮ್, ಲೋರಾಜೆಪಮ್ ಎಲ್ಲ ಇದೇ ಮನೆಯವು. ಹೆಸರಿನ ಬಾಲ ನೋಡಿದರೆ ಸಾಮಾನ್ಯವಾಗಿ ಗುರುತು ಸಿಗುತ್ತದೆ.

1969ರಿಂದ 1982ರವರೆಗೆ ಅಮೆರಿಕದ ವೈದ್ಯರು ಅತಿ ಹೆಚ್ಚು ಬರೆದುಕೊಟ್ಟ ಔಷಧ ವೇಲಿಯಮ್. 1978ರ ಒಂದೇ ವರ್ಷ ಸುಮಾರು 230 ಕೋಟಿ ಗುಳಿಗೆ ಮಾರಾಟವಾದವು. ವೈದ್ಯಕೀಯ ಪತ್ರಿಕೆಗಳ ಜಾಹೀರಾತುಗಳಲ್ಲಿ ಮನೆಗೆಲಸದಲ್ಲಿ ಬೇಸತ್ತ ಗೃಹಿಣಿಯರ ಚಿತ್ರ. ಮದುವೆಯಾಗದವಳಿಗೂ ಗುಳಿಗೆ, ಆದವಳಿಗೂ ಗುಳಿಗೆ! ಬಾರ್ಬಿಚುರೇಟ್‌ಗಿಂತ ಇದು ಸುರಕ್ಷಿತ ಎಂಬ ಮಾತು ಸುಳ್ಳಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಒಂದೇ ಸಲ ಹೆಚ್ಚು ನುಂಗಿ ಸಾಯುವವರ ಸಂಖ್ಯೆ ನಿಜಕ್ಕೂ ಇಳಿಯಿತು. ಆದರೆ ದಿನಾ ನುಂಗಿದವರು ಬಿಡಲು ಹೊರಟಾಗ ಏನಾಗುತ್ತದೆ ಎಂಬ ಪ್ರಶ್ನೆ ಹಿಂದೆ ಉಳಿಯಿತು.

1979ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ಅಮೆರಿಕದ ಸಂಸತ್ತಿನಲ್ಲಿ ಈ ಬಗ್ಗೆ ವಿಚಾರಣೆ ನಡೆಸಿದರು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ಪ್ರಾಧ್ಯಾಪಕಿ 1982ರಿಂದ 1994ರವರೆಗೆ ಈ ಗುಳಿಗೆ ಬಿಡಿಸುವುದಕ್ಕೆಂದೇ ಒಂದು ಚಿಕಿತ್ಸಾಲಯ ನಡೆಸಿದರು. ಅಲ್ಲಿಗೆ ಬಂದವರು ಕುಡುಕರೂ ಅಲ್ಲ, ಕಳ್ಳದಾರಿಯಲ್ಲಿ ಕೊಂಡವರೂ ಅಲ್ಲ. ವೈದ್ಯರು ಬರೆದುಕೊಟ್ಟದ್ದನ್ನು ಬರೆದುಕೊಟ್ಟ ಹಾಗೇ ವರ್ಷಗಟ್ಟಲೆ ನುಂಗಿದ ಸಭ್ಯ ಸಂಸಾರಸ್ಥರು. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದಿತು. ಅಮೆರಿಕದ ಔಷಧ ನಿಯಂತ್ರಕರು ಅವಲಂಬನೆಯ ಕುರಿತ ಅತಿ ಕಟುವಾದ ಎಚ್ಚರಿಕೆಯನ್ನು ಪೊಟ್ಟಣದ ಚೀಟಿಯ ಮೇಲೆ ಹಾಕಿಸಿದ್ದು 2020ರಲ್ಲಿ.

ಅತ್ತೆ ಒಲೆ ಬಿಟ್ಟ ಕಥೆ

ನಮ್ಮ ಮಿದುಳಿನಲ್ಲಿ ಗಲಾಟೆ ತಗ್ಗಿಸುವ ಒಂದು ರಾಸಾಯನಿಕವಿದೆ, ಹೆಸರು ಗಾಬಾ. ನರಕೋಶಗಳಿಗೆ 'ಸಾಕು, ಸುಮ್ಮನಿರು' ಎಂದು ಹೇಳುವುದು ಅದರ ಕೆಲಸ. ಬೆಂಜೊಡಯಜೆಪಿನ್ ಗುಳಿಗೆಗಳು ಗಾಬಾದ ಬಲ ಹೆಚ್ಚಿಸುತ್ತವೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಎದೆ ಡವಗುಟ್ಟುವುದು ನಿಲ್ಲುತ್ತದೆ, ಕಣ್ಣು ಎಳೆಯುತ್ತದೆ. ಇಷ್ಟು ಬೇಗ ಗುಣ ಕಾಣುವುದರಿಂದಲೇ ಜನರಿಗೆ ಅದರ ಮೇಲೆ ಅಷ್ಟು ನಂಬಿಕೆ.

ಮನೆಗೆ ಸೊಸೆ ಬಂದಳೆಂದು ಅತ್ತೆ ಒಲೆ ಮುಂದೆ ಕೂರುವುದನ್ನೇ ಬಿಡುತ್ತಾಳೆ. ಕೈ ಮರೆಯುತ್ತದೆ, ಉಪ್ಪಿನ ಡಬ್ಬಿ ಎಲ್ಲಿದೆ ಎನ್ನುವುದೂ ಮರೆಯುತ್ತದೆ. ಸೊಸೆ ಒಂದು ದಿನ ಹೇಳದೆ ಕೇಳದೆ ತವರಿಗೆ ಹೋದರೆ ಮನೆ ಪೂರ್ತಿ ಉಪವಾಸ. ಮಿದುಳು ಮಾಡುವುದೂ ಇದನ್ನೇ. ಹೊರಗಿನಿಂದ ದಿನಾ ಶಾಂತಿ ಬರುತ್ತಿರುವಾಗ ತನ್ನದೇ ಗಾಬಾಗೆ ಓಗೊಡುವುದನ್ನು ಕಡಿಮೆ ಮಾಡುತ್ತದೆ. ಗುಳಿಗೆ ತಟ್ಟನೆ ನಿಂತರೆ ತಡೆಯುವವರೇ ಇಲ್ಲ. ನಿದ್ದೆ ಪೂರ್ತಿ ಹಾರಿಹೋಗುತ್ತದೆ. ಕೈ ನಡುಗುತ್ತದೆ, ಬೆವರು, ಗಾಬರಿ. ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡವರಿಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಕೆಲವೊಮ್ಮೆ ಜೀವಕ್ಕೇ ಅಪಾಯ.

ತೆಲಂಗಾಣದಲ್ಲಿ ಇದು ಬೀದಿಯಲ್ಲೇ ಕಾಣಿಸಿಕೊಂಡಿತ್ತು. ಅಲ್ಲಿನ ಕಲಬೆರಕೆ ಸೇಂದಿಗೆ ಅಲ್ಪ್ರಜೋಲಮ್, ಡಯಾಜೆಪಮ್ ಸೇರಿಸುತ್ತಾರೆ. ಅಂಗಡಿಗಳ ಮೇಲೆ ದಾಳಿ ಮಾಡಿ ಸೇಂದಿ ನಿಲ್ಲಿಸಿದಾಗಲೆಲ್ಲ ಕೂಲಿಕಾರರು ನಡುಗುತ್ತ, ಬಡಬಡಿಸುತ್ತ, ಫಿಟ್ಸ್ ಬಂದು ಆಸ್ಪತ್ರೆ ಸೇರುತ್ತಾರೆ. ಅವರು ತಾವು ಕುಡಿದದ್ದು ಹೆಂಡ ಎಂದೇ ತಿಳಿದವರು. ನಿದ್ದೆ ಮಾತ್ರೆಯ ಚಟ ತಮಗೆ ಹಿಡಿದದ್ದು ಅವರಿಗೇ ತಿಳಿಯದು.

ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವೈದ್ಯರ ಚೀಟಿ ಇಲ್ಲದೆ ಇಂಥ ಶಾಮಕ ಔಷಧ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ. ಕಾನೂನಿಗೇನೂ ಕೊರತೆಯಿಲ್ಲ. 2014ರ ಮಾರ್ಚ್‌ನಿಂದ ಅಲ್ಪ್ರಜೋಲಮ್, ಡಯಾಜೆಪಮ್, ಝೋಲ್ಪಿಡೆಮ್ ಎಲ್ಲ 'ಶೆಡ್ಯೂಲ್ ಎಚ್-1' ಪಟ್ಟಿಯಲ್ಲಿವೆ. ಮಾರಿದ ಪ್ರತಿ ಸಲ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಎಂಬುದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಆ ರಿಜಿಸ್ಟರ್ ಹೇಗಿದೆ ಎಂದು ಕೇಳಿ ನೋಡಿ.

ಅನುಮಾನಕ್ಕೆ ಆಧಾರವಿದೆ

ಇನ್ನು ಖಿನ್ನತೆಯ ಗುಳಿಗೆಗಳ ಕಥೆ. ಪ್ರೊಝ್ಯಾಕ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರ ಡಿಸೆಂಬರಿನಲ್ಲಿ. ವೇಲಿಯಮ್ಮಿನ ಹೆಸರು ಕೆಟ್ಟಿತ್ತು, ಅದರ ಜಾಗಕ್ಕೆ ಈ ಹೊಸ ಕುಲ ಬಂತು. 'ಇದು ಚಟ ಹಿಡಿಸುವುದಿಲ್ಲ' ಎಂಬ ಮಾತು ಮತ್ತೆ ಕೇಳಿಬಂತು. ಅದರ ಜೊತೆಗೆ ಒಂದು ಸರಳ ವಿವರಣೆಯೂ ಬಂತು: ನಿಮ್ಮ ಮಿದುಳಿನಲ್ಲಿ ಸೆರೊಟೋನಿನ್ ಎಂಬ ಕೆಮಿಕಲ್ ಕಡಿಮೆಯಾಗಿದೆ, ಗುಳಿಗೆ ಅದನ್ನು ಸರಿಮಾಡುತ್ತದೆ. ಟಿ.ವಿ.ಯಲ್ಲಿ ರೋಗಿಗಳಿಗೇ ನೇರವಾಗಿ ಔಷಧದ ಜಾಹೀರಾತು ಹಾಕಲು ಬಿಡುವ ಅಮೆರಿಕದಲ್ಲಿ ಈ ವಿವರಣೆ ಮನೆಮಾತಾಯಿತು. ಭಾರತದಲ್ಲಿ ಅಂಥ ಜಾಹೀರಾತಿಗೆ ಅವಕಾಶವಿಲ್ಲ. ಆದರೂ 'ತಲೇಲಿ ಕೆಮಿಕಲ್ ಏರುಪೇರಾಗಿದೆ' ಎಂಬ ಮಾತು ನಮ್ಮ ಹೊರರೋಗಿ ವಿಭಾಗಗಳಿಗೆ ಬಂದು ಸೇರಿತು. ಜೊವಾನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು 2022ರಲ್ಲಿ ಬರೆದರು. ಜನ ಹೌಹಾರಿದರು. ಮನೋವೈದ್ಯರಲ್ಲಿ ಅನೇಕರು 'ಇದು ನಮಗೆ ಮೊದಲೇ ಗೊತ್ತಿತ್ತು' ಎಂದರು. ಗೊತ್ತಿದ್ದರೆ ರೋಗಿಗೆ ಹೇಳಬಹುದಿತ್ತಲ್ಲ? ಈ ಸಿಟ್ಟಿನಲ್ಲಿ ನ್ಯಾಯವಿದೆ.

ಅದಕ್ಕಿಂತ ಕೆಟ್ಟದ್ದು ಇದೇ ಕುಲದ ಪ್ಯಾರೊಕ್ಸೆಟಿನ್ ಗುಳಿಗೆಯ ಪ್ರಕರಣ. 'ಸ್ಟಡಿ 329' ಎಂಬ ಹೆಸರಿನ ಪ್ರಯೋಗದಲ್ಲಿ ಸ್ಮಿತ್‌ಕ್ಲೈನ್ ಬೀಚಮ್ ಕಂಪನಿ 275 ಹದಿಹರೆಯದ ಖಿನ್ನರ ಮೇಲೆ ಈ ಔಷಧ ಪರೀಕ್ಷಿಸಿತು. ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆಗಳಲ್ಲಿ ಔಷಧ ಗೆಲ್ಲಲಿಲ್ಲ. ಆದರೂ 2001ರಲ್ಲಿ ಬಂದ ಪ್ರಬಂಧ ಔಷಧ ಒಳ್ಳೆಯದು, ಸುರಕ್ಷಿತ ಎಂದು ಸಾರಿತು. ಅದರ ಮೊದಲ ಕರಡನ್ನು ಸಿದ್ಧಪಡಿಸಿದ್ದು ಕಂಪನಿ ದುಡ್ಡು ಕೊಟ್ಟು ನೇಮಿಸಿದ ಬರಹಗಾರರು. ಮುದ್ರಿತ ಪ್ರಬಂಧದಲ್ಲಿದ್ದದ್ದು ದೊಡ್ಡ ದೊಡ್ಡ ಪ್ರಾಧ್ಯಾಪಕರ ಹೆಸರು. ಸ್ವತಂತ್ರ ಸಂಶೋಧಕರು ಕಚ್ಚಾ ದಾಖಲೆಗಳನ್ನೇ ತರಿಸಿಕೊಂಡು ಲೆಕ್ಕ ಹಾಕಿ 2015ರಲ್ಲಿ 'ಬಿ.ಎಂ.ಜೆ.' ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಣವೂ ಇಲ್ಲ, ಸುರಕ್ಷಿತವೂ ಅಲ್ಲ, ಆತ್ಮಹತ್ಯೆಯ ಯೋಚನೆ ಮತ್ತು ವರ್ತನೆ ಔಷಧ ನುಂಗಿದ ಮಕ್ಕಳಲ್ಲೇ ಹೆಚ್ಚು ಎಂಬುದು ಅವರಿಗೆ ಕಂಡದ್ದು. ಅಷ್ಟರೊಳಗೆ, 2012ರಲ್ಲಿ, ಆ ಕಂಪನಿಯ ವಾರಸುದಾರ ಗ್ಲಾಕ್ಸೊಸ್ಮಿತ್‌ಕ್ಲೈನ್ ಇದೂ ಸೇರಿದಂತೆ ಹಲವು ಔಷಧಗಳ ಪ್ರಕರಣಗಳಿಗಾಗಿ ಅಮೆರಿಕದ ಸರ್ಕಾರಕ್ಕೆ 300 ಕೋಟಿ ಡಾಲರ್ ತೆತ್ತಿತ್ತು. ಅದಕ್ಕೂ ಮೂರು ವರ್ಷ ಮೊದಲು ಎಲಿ ಲಿಲ್ಲಿ ಕಂಪನಿ, ಸ್ಕಿಜೋಫ್ರೀನಿಯಾಕ್ಕೆಂದು ಅನುಮತಿ ಪಡೆದ ಝೈಪ್ರೆಕ್ಸಾವನ್ನು ಅರಳುಮರಳಿನ ವೃದ್ಧರಿಗೂ ಕೊಡಿ ಎಂದು ಮಾರಿದ್ದಕ್ಕೆ 141.5 ಕೋಟಿ ಡಾಲರ್ ಕಟ್ಟಿತ್ತು.

ಇವೆಲ್ಲ ಬಿಡಿ ಅಪರಾಧಗಳು ಎನ್ನೋಣ. ಇಡೀ ಪದ್ಧತಿಯೇ ಹೇಗೆ ವಾಲುತ್ತದೆ ಎಂಬುದನ್ನು ತೋರಿಸಿದ್ದು 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು ಬರೆದ ಪ್ರಬಂಧ. 12 ಖಿನ್ನತೆ ಔಷಧಗಳ 74 ಪ್ರಯೋಗಗಳು ಅಮೆರಿಕದ ನಿಯಂತ್ರಕರಲ್ಲಿ ದಾಖಲಾಗಿದ್ದವು. ಗುಣ ಕಂಡದ್ದು 38ರಲ್ಲಿ, ಅವುಗಳಲ್ಲಿ 37 ಪ್ರಕಟವಾದವು. ಉಳಿದ 36ರಲ್ಲಿ 22 ಬೆಳಕನ್ನೇ ಕಾಣಲಿಲ್ಲ. 11 ಪ್ರಯೋಗಗಳು ಫೇಲಾದರೂ ಪಾಸಾದಂತೆ ಬರೆಸಿಕೊಂಡು ಹೊರಬಂದವು. ಇದ್ದದ್ದು ಇದ್ದ ಹಾಗೆ ಅಚ್ಚಾದದ್ದು 3 ಮಾತ್ರ. ಪತ್ರಿಕೆ ಓದಿ ಔಷಧ ಬರೆಯುವ ಪ್ರಾಮಾಣಿಕ ವೈದ್ಯನಿಗೂ ನೂರಕ್ಕೆ 94 ಪ್ರಯೋಗ ಗೆದ್ದಂತೆ ಕಾಣುತ್ತದೆ. ನಿಜಕ್ಕೆ ಗೆದ್ದದ್ದು ಅರ್ಧ.

ಹಾಗಾದರೆ ಗುಳಿಗೆಯೇ ಸುಳ್ಳೇ?

ಅಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಬೆಳಕಿಗೆ ಬಾರದ ದಾಖಲೆಗಳನ್ನೂ ಹುಡುಕಿ ಸೇರಿಸಿಕೊಂಡು ಆಂಡ್ರಿಯಾ ಚಿಪ್ರಿಯಾನಿ ತಂಡ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 522 ಪ್ರಯೋಗಗಳ ಲೆಕ್ಕ ಕೊಟ್ಟಿತು. ಒಂದು ಲಕ್ಷಕ್ಕೂ ಮೀರಿದ ರೋಗಿಗಳು, 21 ಔಷಧಗಳು. ಹೋಲಿಕೆಗೆಂದು ಕೊಡುವ, ಔಷಧವಿಲ್ಲದ ಹುಸಿಗುಳಿಗೆಗಿಂತ ಎಲ್ಲವೂ ಒಂದಿಷ್ಟು ಮೇಲು. ಕಂಪನಿ ಹೇಳಿದಷ್ಟಲ್ಲ, ಹಾಗೆಂದು ಸೊನ್ನೆಯೂ ಅಲ್ಲ. ತೀವ್ರ ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದವರಿಗೆ ಆ 'ಒಂದಿಷ್ಟು' ದೊಡ್ಡದು. ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ಗೊತ್ತಿಲ್ಲ ಎಂದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ ಎಂದಾಗದು. ಪ್ಯಾರಾಸಿಟಮಾಲ್ ಹೇಗೆ ನೋವು ಇಳಿಸುತ್ತದೆ ಎನ್ನುವುದೂ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಇನ್ನು ಲಿಥಿಯಮ್. ಉನ್ಮಾದ-ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆಗೆ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಕಂಡುಕೊಂಡ ಔಷಧ. ಮಣ್ಣಲ್ಲಿ ಸಿಗುವ ಲವಣ, ಯಾರೂ ಪೇಟೆಂಟ್ ಮಾಡಲಾಗದ್ದು. ಅದಕ್ಕೆ ಜಾಹೀರಾತಿಲ್ಲ, ಅದನ್ನು ಹೊಗಳಿ ಪಂಚತಾರಾ ಹೋಟೆಲಿನಲ್ಲಿ ಊಟ ಹಾಕಿಸುವವರಿಲ್ಲ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಕಿಡ್ನಿ-ಥೈರಾಯ್ಡ್ ಮೇಲೆ ಕಣ್ಣಿಟ್ಟಿರಬೇಕು. ಆದರೂ ಎಪ್ಪತ್ತೈದು ವರ್ಷಗಳಿಂದ ಎಷ್ಟೋ ಜನರನ್ನು ಸಾವಿನ ಬಾಗಿಲಿನಿಂದ ಎಳೆದು ತಂದಿದೆ. ಕಂಪನಿಗಳ ಮೇಲಿನ ಕೋಪಕ್ಕೆ ಇಂಥದ್ದನ್ನೂ ಬಿಟ್ಟುಬಿಡುವವರಿದ್ದಾರೆ. ನನಗೆ ಅದು ಸಹಿಸಲಾಗದ ನಷ್ಟ.

ಅವಲಂಬನೆಯ ಮಾತಿಗೆ ಬಂದರೆ, ಖಿನ್ನತೆಯ ಗುಳಿಗೆಗೆ ಜನ ಆಸೆಬಿದ್ದು ಡೋಸ್ ಏರಿಸಿಕೊಳ್ಳುವುದಿಲ್ಲ, ಕದ್ದು ನುಂಗುವುದಿಲ್ಲ. ಆ ಅರ್ಥದಲ್ಲಿ ಅದು ಚಟವಲ್ಲ. ಆದರೆ ತಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರುವುದುಂಟು. ಬಹುಕಾಲ ಇದನ್ನು 'ಒಂದೆರಡು ವಾರದ ಸಣ್ಣ ತೊಂದರೆ' ಎಂದೇ ಬರೆದುಕೊಂಡು ಬಂದರು. ರೋಗಿಗಳು ಇಲ್ಲ ಎಂದು ಕೂಗಿ ಕೂಗಿ ಸಾಕಾದ ಮೇಲೆ 2019ರಲ್ಲಿ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ತನ್ನ ನಿಲುವು ಬದಲಿಸಿತು. 'ಲ್ಯಾನ್ಸೆಟ್ ಸೈಕಿಯಾಟ್ರಿ'ಯಲ್ಲಿ 2024ರಲ್ಲಿ ಬಂದ ಲೆಕ್ಕದ ಪ್ರಕಾರ ಔಷಧ ನಿಲ್ಲಿಸಿದವರಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಏನಾದರೊಂದು ತೊಂದರೆ ಕಾಣುತ್ತದೆ. ಹುಸಿಗುಳಿಗೆ ನಿಲ್ಲಿಸಿದವರಲ್ಲೂ ಆರರಲ್ಲಿ ಒಬ್ಬರು ಅದನ್ನೇ ಹೇಳಿದ್ದನ್ನು ಕಳೆದರೆ, ಔಷಧದಿಂದಲೇ ಆದದ್ದು ಆರು-ಏಳರಲ್ಲಿ ಒಬ್ಬರಿಗೆ. ತೀವ್ರವಾಗಿ ನರಳುವವರು ನೂರಕ್ಕೆ ಮೂವರು. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಈ ಸಂಖ್ಯೆ ಇಷ್ಟೇ ಇರುತ್ತದೆಯೇ ಎಂಬ ವಾದ ಇನ್ನೂ ನಡೆದಿದೆ.

ಒಂದೇ ಗುಳಿಗೆಯಲ್ಲಿ ಇಬ್ಬರು

ಇಷ್ಟು ಹೊತ್ತು ಎರಡು ಗುಳಿಗೆಗಳನ್ನು ಬೇರೆ ಬೇರೆ ಇಟ್ಟು ಮಾತಾಡಿದೆವು. ಭಾರತದ ಅಂಗಡಿಯಲ್ಲಿ ಅವು ಬೇರೆಯಾಗಿಯೇ ಇರುತ್ತವೆ ಎಂದುಕೊಳ್ಳಬೇಡಿ. ಮನೆಯ ಔಷಧದ ಡಬ್ಬಿಯಲ್ಲಿ 'ಪ್ಲಸ್' ಎಂಬ ಬಾಲವಿರುವ ಟೆನ್ಷನ್ ಗುಳಿಗೆ ಇದ್ದರೆ ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ. ಎಸಿಟಲೊಪ್ರಾಮ್ 10 ಮಿಲಿಗ್ರಾಂ, ಅದರ ಕೆಳಗೆ ಕ್ಲೋನಾಜೆಪಮ್ 0.5 ಮಿಲಿಗ್ರಾಂ. ಇಂಥ ಜೋಡಿಗುಳಿಗೆಗಳು ನಮ್ಮಲ್ಲಿ ಹತ್ತಾರು ಹೆಸರಲ್ಲಿ ಸಿಗುತ್ತವೆ. ಇದೇ ಜೋಡಿಯನ್ನು ಕೇಳಿಕೊಂಡು ಲಂಡನ್ನಿನ ಅಂಗಡಿಗೆ ಹೋದರೆ ಸಿಗುವುದಿಲ್ಲ.

ಹುಟ್ಟಿದ ಕಾರಣದಲ್ಲಿ ಅರ್ಥವಿದೆ. ಖಿನ್ನತೆಯ ಗುಳಿಗೆಯ ಗುಣ ಕಾಣಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ರೋಗಿ ನಿದ್ದೆಯಿಲ್ಲದೆ ಒದ್ದಾಡಬಾರದೆಂದು ವೈದ್ಯರು ಸ್ವಲ್ಪ ದಿನ ಕ್ಲೋನಾಜೆಪಮ್ ಕೊಡುತ್ತಾರೆ. ತೊಂದರೆ ಬರುವುದು ಎರಡನ್ನೂ ಒಂದರಲ್ಲೇ ಅಚ್ಚು ಹಾಕಿದಾಗ. ಒಂದು ಆರು ತಿಂಗಳಾದರೂ ಬೇಕಾದದ್ದು, ಇನ್ನೊಂದು ನಾಲ್ಕು ವಾರಕ್ಕೆ ನಿಲ್ಲಬೇಕಾದದ್ದು. ಮೊದಲ ಔಷಧ ಮುಂದುವರಿಸಿದರೆ ಎರಡನೆಯದೂ ಒಳಗೆ ಹೋಗುತ್ತಲೇ ಇರುತ್ತದೆ. ವರ್ಷದ ನಂತರ 'ಸಾಕು' ಎಂದು ರೋಗಿ ತಟ್ಟನೆ ನಿಲ್ಲಿಸುತ್ತಾನೆ. ಮೂರನೆಯ ರಾತ್ರಿಗೆ ನಿದ್ದೆ ಇಲ್ಲ, ಎದೆ ಡವಡವ, ಕೈ ನಡುಕ. ಆಗ ಮನೆಮಂದಿ ಹೇಳುವುದು: 'ನೋಡಿದ್ರಾ, ಡಿಪ್ರೆಷನ್ ಗುಳಿಗೆ ಚಟ ಹಿಡಿಸುತ್ತೆ ಅಂತ ಹೇಳಿರಲಿಲ್ವಾ?' ಒಳಗೆ ಎರಡು ಔಷಧ ಇದ್ದದ್ದು ಅವರಿಗೆ ಗೊತ್ತೇ ಇರುವುದಿಲ್ಲ. ನಮ್ಮೂರುಗಳಲ್ಲಿ ಬೇರೂರಿದ ಭಯದಲ್ಲಿ ಈ ಜೋಡಿಗುಳಿಗೆಯ ಪಾಲು ದೊಡ್ಡದು ಎನ್ನುವುದು ನನ್ನ ಗುಮಾನಿ.

2015ರಲ್ಲಿ 'ಪ್ಲಾಸ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತದ ಜೋಡಿಗುಳಿಗೆಗಳ ಜಾತಕ ತೆಗೆದಿತ್ತು. ಮನೋರೋಗದ ಔಷಧಗಳೂ ಸೇರಿ, ಕೇಂದ್ರದ ಅನುಮೋದನೆಯ ದಾಖಲೆಯೇ ಇಲ್ಲದ ಎಷ್ಟೋ ಸೂತ್ರಗಳು ಮಾರಾಟವಾಗುತ್ತಿದ್ದದ್ದು ಅದರಲ್ಲಿ ಹೊರಬಿತ್ತು.

ವೈದ್ಯರ ಕೋಣೆಯವರೆಗೆ ಇವು ಬರುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಬೆಂಚಿನ ಮೇಲೆ ರೋಗಿಗಳ ನಡುವೆ ಇಸ್ತ್ರಿ ಶರ್ಟು, ಕಪ್ಪು ಬ್ಯಾಗಿನ ಔಷಧ ಕಂಪನಿಯ ರೆಪ್ ಕೂತಿರುತ್ತಾನೆ. ಅವನ ಮೇಲೂ ತಿಂಗಳ ಟಾರ್ಗೆಟ್ಟಿನ ಕತ್ತಿ ತೂಗುತ್ತಿರುತ್ತದೆ, ಪಾಪ. ವೈದ್ಯರು ಉಡುಗೊರೆ, ಪ್ರವಾಸ ಪಡೆಯಬಾರದೆಂದು ವೈದ್ಯಕೀಯ ಪರಿಷತ್ತು 2009ರಲ್ಲೇ ನಿಯಮ ಮಾಡಿತು. ಆ ನಿಯಮ ವೈದ್ಯರಿಗೆ, ಕಂಪನಿಗಳಿಗಲ್ಲ. ಕೊಟ್ಟ ಉಡುಗೊರೆಯನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಬೇಕಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಹೊಸ ಮಾರಾಟ ಸಂಹಿತೆ ತಂದಿದೆ. ಉಡುಗೊರೆ ಬೇಡ, ವಿದೇಶ ಪ್ರವಾಸ ಬೇಡ, 'ಸುರಕ್ಷಿತ' ಎಂಬ ಪದವನ್ನು ಹೇಗೆಂದರೆ ಹಾಗೆ ಬಳಸಬೇಡಿ. ದೂರು ಕೊಟ್ಟರೆ ಮೊದಲು ವಿಚಾರಿಸುವವರು ಯಾರು? ಕಂಪನಿಗಳ ಸಂಘದ್ದೇ ಸಮಿತಿ.

ಬಳ್ಳಾರಿಯಲ್ಲಿ ಹುಟ್ಟಿದ ನಂಬಿಕೆ

ಗುರಿ ತಪ್ಪಿದ ಅನುಮಾನದ ಬೆಲೆ ಎಷ್ಟು ಎಂಬುದಕ್ಕೆ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ನೋಡಬೇಕು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯೇ ಪಡೆಯುತ್ತಿರಲಿಲ್ಲ. ಅವಮಾನದ ಭಯ, ಆಸ್ಪತ್ರೆಯ ದೂರ, ದುಡ್ಡು ಎಲ್ಲವೂ ಕಾರಣ. 'ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ' ಎಂಬ ಮಾತೂ ಒಂದು ಕಾರಣ. ಅತಿಯಾಗಿ ಔಷಧ ನುಂಗುವ ಅಮೆರಿಕದ ಸಿಟ್ಟನ್ನು, ಔಷಧವೇ ತಲುಪದ ಊರಿಗೆ ಹಾಗೇ ತಂದು ಬಿತ್ತಿದರೆ ಬೆಳೆಯುವುದು ಬೇರೆಯೇ ಕಳೆ.

ನಂಬಿಕೆ ಹುಟ್ಟಿಸುವುದು ಹೇಗೆ ಎಂಬುದಕ್ಕೆ ನಮ್ಮಲ್ಲೇ ಒಂದು ಮಾದರಿ ಇತ್ತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಬೆರಳೆಣಿಕೆಯ ಹಳೆಯ, ಅಗ್ಗದ ಔಷಧಗಳು ಹಳ್ಳಿಯ ಆಸ್ಪತ್ರೆಯಲ್ಲೇ ಸಿಗುವಂತೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಮೇಲ್ಪಂಕ್ತಿ ಹಾಕಿದ್ದು ಈ ಬಳ್ಳಾರಿಯೇ. ಅಲ್ಲಿ ಗುಳಿಗೆ ಕೊಡುತ್ತಿದ್ದವರು ಜ್ವರಕ್ಕೂ ಔಷಧ ಕೊಡುತ್ತಿದ್ದ ಪರಿಚಿತ ಡಾಕ್ಟರು. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ದಶಕಗಳ ಕಾಲ ಕನ್ನಡದಲ್ಲಿ, ಮನೆಮಂದಿಗೆ ಅರ್ಥವಾಗುವಂತೆ ಬರೆದದ್ದರಿಂದ ಎಷ್ಟೋ ಮನೆಗಳಲ್ಲಿ ಭಯ ಇಳಿದಿದೆ. ಇವೆರಡರಲ್ಲೂ ಯಾವ ಕಂಪನಿಯ ರೆಪ್ಪೂ ಬೇಕಾಗಲಿಲ್ಲ.

ಇಳಿಯುವ ಮೆಟ್ಟಿಲು

ಔಷಧ ಶುರು ಮಾಡುವುದಕ್ಕೆ ಪ್ರಯೋಗ, ಪುಸ್ತಕ, ಸಮ್ಮೇಳನ ಎಲ್ಲ ಇವೆ. ನಿಲ್ಲಿಸುವುದಕ್ಕೆ? ನಿಲ್ಲಿಸುವ ರೋಗಿಯಿಂದ ಯಾರಿಗೂ ಲಾಭವಿಲ್ಲ, ಹಾಗಾಗಿ ಈ ಕಡೆ ದುಡ್ಡು ಹರಿಯಲಿಲ್ಲ. ಹೆದರ್ ಆಷ್ಟನ್ ಇದನ್ನು ಕಲಿತದ್ದು ತಮ್ಮ ರೋಗಿಗಳಿಂದ. ಬೇಗ ಇಳಿದುಹೋಗುವ ಗುಳಿಗೆ ನುಂಗುವವರನ್ನು ಅವರು ಮೊದಲು ನಿಧಾನವಾಗಿ ಇಳಿಯುವ ಡಯಾಜೆಪಮ್‌ಗೆ ಬದಲಿಸುತ್ತಿದ್ದರು. ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಂದೊಂದು ಚೂರು ಕಡಿಮೆ. ತಿಂಗಳುಗಳೇ ಹಿಡಿಯುತ್ತಿದ್ದವು.

ಖಿನ್ನತೆಯ ಗುಳಿಗೆಗೂ ಇದೇ ದಾರಿ ಬೇಕೆಂದು 2019ರಲ್ಲಿ ಮಾರ್ಕ್ ಹೊರೊವಿಟ್ಝ್ ಮತ್ತು ಡೇವಿಡ್ ಟೇಲರ್ ಬರೆದರು. ಅವರು ತೋರಿಸಿದ್ದು ಒಂದು ವಿಚಿತ್ರ. 20 ಮಿಲಿಗ್ರಾಂನಿಂದ 10ಕ್ಕೆ ಇಳಿದರೆ ಮಿದುಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. 5ರಿಂದ ಸೊನ್ನೆಗೆ ಇಳಿಯುವುದೇ ದೊಡ್ಡ ಜಿಗಿತ. 'ಅರ್ಧ ಮಾಡಿ ಹದಿನೈದು ದಿನ, ಆಮೇಲೆ ಬಿಟ್ಟುಬಿಡಿ' ಎಂಬ ವಾಡಿಕೆಯ ಸಲಹೆ ಕೆಲವರಿಗೆ ಕೈಕೊಡುವುದು ಇದರಿಂದಲೇ. ಕೊನೆಯ ಮೆಟ್ಟಿಲುಗಳು ಅತಿ ಸಣ್ಣವಾಗಿರಬೇಕು, ಅಷ್ಟು ಸಣ್ಣ ಗುಳಿಗೆ ಮಾರುಕಟ್ಟೆಯಲ್ಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸಂಶೋಧಕರೂ ಒಂದು ಔಷಧ ಅಂಗಡಿಯವರೂ ಸೇರಿ ದಿನದಿನಕ್ಕೆ ಪ್ರಮಾಣ ಇಳಿಯುತ್ತ ಹೋಗುವ ಗುಳಿಗೆಗಳನ್ನು ಪಟ್ಟಿಯಂತೆ ಪೊಟ್ಟಣ ಕಟ್ಟಿ ಕೊಡುತ್ತಿದ್ದಾರೆ. ನಮ್ಮಲ್ಲಿ ಇನ್ನೂ ಚಾಕು ಹಿಡಿದು ಗುಳಿಗೆ ಸೀಳುವ ಕಾಲ. ನಡುವೆ ಗೀರು ಇದ್ದರೆ ಎರಡಾಗುತ್ತದೆ, ನಾಲ್ಕು ಮಾಡಹೋದರೆ ಪುಡಿ.

ಹಾಗೆಂದು ಇದನ್ನು ಓದಿ ಇವತ್ತು ರಾತ್ರಿಯೇ ಗುಳಿಗೆ ನಿಲ್ಲಿಸಬೇಡಿ. ನಿದ್ದೆ ಮಾತ್ರೆ ವರ್ಷಗಟ್ಟಲೆ ನುಂಗಿದವರಂತೂ ಒಮ್ಮೆಲೇ ಬಿಡಲೇಬಾರದು. ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ ಕೇಳಿ: ಇದರಲ್ಲಿ ಒಂದು ಔಷಧ ಇದೆಯೋ ಎರಡೋ? ಎರಡಿದ್ದರೆ ಬೇರೆ ಬೇರೆ ಗುಳಿಗೆಯಾಗಿ ಬರೆಯುತ್ತೀರಾ? ಯಾವುದು ಎಷ್ಟು ದಿನ, ನಿಲ್ಲಿಸುವುದು ಹೇಗೆ? ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮ 2014ರಿಂದ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಬರುತ್ತಾರೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಕಾಯಲಾಗದಿದ್ದರೆ ಟೆಲಿ-ಮನಸ್ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.